ರಿವರ್ಸ್‌ನಲ್ಲಿ ಲಾರಿ ತಗುಲಿದರೆ: ಹೊಸ ಚಾಲಕರು ಮಾಡಬೇಕಾದದ್ದು, ಮಾಡಬಾರದ್ದು

ಕಲಬುರಗಿಯ ಗಂಜ್‌ಗೆ, ಅಂದರೆ ಎಪಿಎಂಸಿ ಮಾರುಕಟ್ಟೆಗೆ, ತೊಗರಿ ಬರಲು ಶುರುವಾಯಿತೆಂದರೆ ಲಾರಿ ತಿರುಗಿಸಲು ಜಾಗ ಸಿಗುವುದಿಲ್ಲ. ಅಡತಿ ಅಂಗಡಿಗಳ ಮುಂದೆ ಚೀಲಗಳ ಥಪ್ಪಿ, ಅದರ ಪಕ್ಕ ತಳ್ಳುಗಾಡಿ, ತಳ್ಳುಗಾಡಿಯ ಮರೆಯಲ್ಲಿ ಯಾರೋ ನಿಲ್ಲಿಸಿ ಚಹಾ ಕುಡಿಯಲು ಹೋದ ಬೈಕ್. ಕಪನೂರ ಕಡೆಯ ದಾಲ್ ಮಿಲ್‌ಗಳ ಗೇಟು, ಶಹಾಬಾದಿನ ಪರಶಿ ಗಣಿಗಳ ಇಕ್ಕಟ್ಟು, ಸೇಡಂ ಮತ್ತು ವಾಡಿಯ ಸಿಮೆಂಟ್ ಲೋಡಿಂಗ್ ಸಾಲು ಯಾವುದೂ ಇದಕ್ಕಿಂತ ಬೇರೆಯಲ್ಲ. ಹೊಸದಾಗಿ ಸ್ಟೀರಿಂಗ್ ಹಿಡಿದವರಿಗೆ ಹೆದ್ದಾರಿಗಿಂತ ಇಂಥ ಜಾಗದಲ್ಲಿ ಹಿಂದಕ್ಕೆ ತೆಗೆಯುವುದೇ ಕಷ್ಟ. ಒಂದು ದಿನ ಹಿಂದಿನಿಂದ 'ಕಟ್' ಎಂಬ ಸದ್ದು ಬಂದೇ ಬರುತ್ತದೆ.

ಆ ಸದ್ದಿನಿಂದ ಆಗುವ ನಷ್ಟ ಬಹಳ ಸಲ ಒಂದು ದೀಪದ ಗಾಜು ಅಥವಾ ಬಾಗಿದ ತಗಡು, ಅಷ್ಟೆ. ದೊಡ್ಡ ನಷ್ಟವನ್ನು ಚಾಲಕರು ಮುಂದಿನ ಅರ್ಧ ಗಂಟೆಯಲ್ಲಿ ತಾವಾಗಿಯೇ ಮೈಮೇಲೆ ಎಳೆದುಕೊಳ್ಳುತ್ತಾರೆ: ಗಾಬರಿಯಲ್ಲಿ ಗಾಡಿ ಮುಂದಕ್ಕೆ ಎಳೆದು, ಬಾಯಿಗೆ ಬಂದಷ್ಟು ಹಣ ಒಪ್ಪಿಕೊಂಡು, ಮಾಲೀಕರಿಂದ ಮುಚ್ಚಿಟ್ಟು. ಈ ಲೇಖನ ಆ ಅರ್ಧ ಗಂಟೆಯ ಬಗ್ಗೆ.

ಮೊದಲು ಗೇರ್‌ನಿಂದ ಕೈ ತೆಗೆಯಿರಿ

ತಗುಲಿತು ಎನ್ನಿಸಿದ ಕ್ಷಣ ಕಾಲು ಬ್ರೇಕಿನ ಮೇಲಿರಲಿ. ಫಸ್ಟ್ ಗೇರ್ ಹಾಕಿ ಒಂದಡಿ ಮುಂದಕ್ಕೆ ಹೋಗಿಬಿಡೋಣ ಎಂದು ಕೈ ತಾನಾಗಿಯೇ ಓಡುತ್ತದೆ. ಹಾಗೆ ಮಾಡಬೇಡಿ. ಲಾರಿಯ ಹಿಂಬದಿಯಲ್ಲಿ ಚಾಸಿಗೆ ಕೆಳಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿ ಇರುತ್ತದೆ, ಹಿಂದೆ ಬರುವ ಸಣ್ಣ ವಾಹನ ಲಾರಿಯಡಿ ನುಗ್ಗದಿರಲೆಂದು ಹಾಕಿದ್ದು. ಕಾರಿನ ಬಂಪರ್‌ನ ಅಂಚು ಅಥವಾ ಆಟೊದ ಮುಂದಿನ ಮಡ್‌ಗಾರ್ಡ್ ಆ ಪಟ್ಟಿಯ ತುದಿಗೆ ಸಿಕ್ಕಿಕೊಂಡಿದ್ದರೆ ನೀವು ಮುಂದಕ್ಕೆ ಎಳೆದಾಗ ಅದು ಬುಡಸಮೇತ ಕಿತ್ತು ಬರುತ್ತದೆ. ಒತ್ತಿದ್ದರಿಂದ ಬರೀ ಗೀರು ಬಿದ್ದಿತ್ತು, ಎಳೆದದ್ದರಿಂದ ಹೊಸ ಬಂಪರ್ ಕೊಡಿಸಬೇಕಾಯಿತು. ಬಿದ್ದ ಬೈಕಿನ ಕೆಳಗೆ ಯಾರದಾದರೂ ಕಾಲು ಸಿಕ್ಕಿದ್ದರಂತೂ ಹೇಳುವುದೇ ಬೇಡ.

ಹ್ಯಾಂಡ್ ಬ್ರೇಕ್ ಹಾಕಿ, ಇಂಜಿನ್ ನಿಲ್ಲಿಸಿ, ನಾಲ್ಕೂ ಇಂಡಿಕೇಟರ್ ಮಿನುಗಿಸಿ, ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಇಳಿಯಿರಿ. ಕೀಲಿ ಮರೆತರೆ ಅದು ಬೇರೆಯವರ ಕೈ ಸೇರುತ್ತದೆ, ಆಮೇಲೆ ಮಾತುಕತೆಯೆಲ್ಲ ಕೀಲಿ ಬಿಡಿಸಿಕೊಳ್ಳುವುದಕ್ಕೇ ಆಗಿಬಿಡುತ್ತದೆ. ಇಳಿಜಾರಿದ್ದರೆ ಕ್ಲೀನರ್‌ನಿಂದ ಗಾಲಿಗೆ ಕಲ್ಲು ಇಡಿಸಿ.

ಇಳಿಯುವುದಕ್ಕೆ ಒಂದೇ ಒಂದು ಅಪವಾದವಿದೆ: ವಿದ್ಯುತ್ ಕಂಬ. ಲಾರಿ ಕಂಬಕ್ಕೆ ಗುದ್ದಿ ತಂತಿ ಗಾಡಿಯ ಮೇಲೆ ಬಿದ್ದಿದ್ದರೆ, ಅಥವಾ ಎತ್ತರದ ಲೋಡು ತಂತಿಗೆ ತಾಗಿದ್ದರೆ, ಕ್ಯಾಬಿನ್ ಬಿಟ್ಟು ಕದಲಬೇಡಿ. ಒಂದು ಕಾಲು ನೆಲದ ಮೇಲೆ, ಒಂದು ಕೈ ಬಾಗಿಲ ಮೇಲೆ ಇಟ್ಟ ಗಳಿಗೆಯಲ್ಲಿ ವಿದ್ಯುತ್ ನಿಮ್ಮ ಮೈಯ ಮೂಲಕವೇ ಭೂಮಿಗೆ ಇಳಿಯುತ್ತದೆ. ಒಳಗಿಂದಲೇ ಕೂಗಿ ಜನರನ್ನು ದೂರ ಸರಿಸಿ, 1912ಕ್ಕೆ ಕರೆ ಮಾಡಿ ವಿದ್ಯುತ್ ಕಂಪನಿ ಜೆಸ್ಕಾಂಗೆ ತಿಳಿಸಿ, ಲೈನ್ ಬಂದ್ ಆಗಿದೆ ಎಂದು ಅವರ ಸಿಬ್ಬಂದಿಯೇ ಬಂದು ಹೇಳುವವರೆಗೆ ಕುಳಿತಿರಿ. ಬೆಂಕಿ ಹತ್ತಿಕೊಂಡು ಇಳಿಯಲೇಬೇಕಾದರೆ ಗಾಡಿಯನ್ನು ಹಿಡಿದುಕೊಳ್ಳದೆ ಎರಡೂ ಕಾಲು ಜೋಡಿಸಿ ದೂರಕ್ಕೆ ಹಾರಿ, ಹಾಗೆಯೇ ಜೋಡಿಗಾಲಿನಲ್ಲಿ ಕುಪ್ಪಳಿಸುತ್ತ ಆಚೆ ಹೋಗಿ. ದಾಪುಗಾಲು ಹಾಕಬಾರದು.

ಮನುಷ್ಯರು ಮೊದಲು, ತಗಡು ಆಮೇಲೆ

ಇಳಿದವರು ನೇರವಾಗಿ ಡೆಂಟ್ ನೋಡಲು ಹೋಗುತ್ತಾರೆ. ಅದಕ್ಕೂ ಮೊದಲು ಬಗ್ಗಿ ಲಾರಿಯಡಿ ನೋಡಿ. ನಮ್ಮ ಬಿಸಿಲಿನಲ್ಲಿ ನಿಂತ ಲಾರಿಯ ನೆರಳು ಅಂದರೆ ಹಮಾಲರಿಗೆ ಊಟದ ಮನೆಯೂ ಹೌದು, ಮಲಗುವ ಮನೆಯೂ ಹೌದು. ಏಪ್ರಿಲ್, ಮೇ ತಿಂಗಳಲ್ಲಿ ಹಿಂದಿನ ಗಾಲಿಗಳ ನಡುವೆ ಟವೆಲ್ ಹಾಸಿ ಮಲಗಿದವರನ್ನು ಯಾವ ಕನ್ನಡಿಯೂ ತೋರಿಸುವುದಿಲ್ಲ. (ಗಾಡಿ ಶುರು ಮಾಡುವ ಮುನ್ನವೂ ಹೀಗೆಯೇ ಬಗ್ಗಿ ನೋಡಬೇಕು. ಕ್ಲೀನರ್ ನೋಡಿದ್ದಾನೆ ಎಂಬ ಭರವಸೆಯ ಮೇಲೆ ಹತ್ತಬಾರದು.)

ಯಾರಿಗಾದರೂ ಪೆಟ್ಟಾಗಿದ್ದರೆ, ತರಚು ಗಾಯವಾದರೂ, ಈ ಲೇಖನ ಹೇಳುವ 'ಸಣ್ಣ' ತಗುಲಿಕೆಯ ಲೆಕ್ಕ ಅಲ್ಲಿಗೇ ಮುಗಿಯಿತು. 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಕರೆದೊಯ್ಯಿರಿ, 112ಕ್ಕೆ ತಿಳಿಸಿ. 'ನನಗೇನೂ ಆಗಿಲ್ಲಪ್ಪ, ನೀನು ಹೋಗು' ಎಂದು ವಯಸ್ಸಾದವರು ಹೇಳಿದರೂ ಹೋಗಬೇಡಿ. ತಲೆಗೆ, ಸೊಂಟಕ್ಕೆ ಬಿದ್ದ ಪೆಟ್ಟು ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಆಗ ನೀವು ಅಲ್ಲಿ ಇರದಿದ್ದರೆ 'ಗುದ್ದಿ ಓಡಿಹೋದ' ಎಂಬ ಮಾತು ಉಳಿಯುತ್ತದೆ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರ ಸರ್ಕಾರದ ಯೋಜನೆ 2025ರಲ್ಲಿ ಜಾರಿಗೆ ಬಂದಿದೆ. ಆಸ್ಪತ್ರೆಯಲ್ಲಿ ಅದರ ಬಗ್ಗೆ ಕೇಳಿ. ಗಾಯವಾದ ಪ್ರಕರಣದಲ್ಲಿ ಅಲ್ಲೇ ಹಣ ಕೊಟ್ಟು ಮುಗಿಸುವ ಮಾತಿಗೆ ಒಪ್ಪಬೇಡಿ, ಎಷ್ಟೇ ಹಿರಿಯರು ನಡುವೆ ಬಂದರೂ.

ಗಾಡಿ ಕದಲಿಸುವ ಮುನ್ನ ಫೋಟೊ

ಗಾಯವಿಲ್ಲ ಎಂದು ಖಚಿತವಾದರೆ ಮೊಬೈಲ್ ತೆಗೆಯಿರಿ. ಎರಡೂ ವಾಹನ ಇದ್ದಲ್ಲೇ ಇರುವಾಗ ತೆಗೆದ ಚಿತ್ರಕ್ಕೆ ಇರುವ ಬೆಲೆ ಬದಿಗೆ ಸರಿಸಿದ ಮೇಲೆ ತೆಗೆದದ್ದಕ್ಕೆ ಇರುವುದಿಲ್ಲ. ಮೊದಲು ಇಪ್ಪತ್ತು ಹೆಜ್ಜೆ ಹಿಂದೆ ಸರಿದು ಅಂಗಡಿಯ ಬೋರ್ಡ್, ಗೇಟು, ರಸ್ತೆ ಎಲ್ಲ ಕಾಣುವಂತೆ ಒಂದು. ಎರಡೂ ನಂಬರ್ ಪ್ಲೇಟ್ ಒಂದೇ ಚೌಕಟ್ಟಿನಲ್ಲಿ ಬರುವಂತೆ ಇನ್ನೊಂದು. ಆಮೇಲೆ ತಗುಲಿದ ಜಾಗ ಹತ್ತಿರದಿಂದ.

ಹತ್ತಿರದ ಚಿತ್ರದಲ್ಲಿ ಒಂದು ಸೂಕ್ಷ್ಮವಿದೆ. ಹೊಸ ಗೀರಿನ ಲೋಹ ಬೆಳ್ಳಗೆ ಹೊಳೆಯುತ್ತದೆ, ಅಂಚಿನಲ್ಲಿ ಬಣ್ಣದ ಪುಡಿ ಅಂಟಿರುತ್ತದೆ. ಹಳೆಯ ಗೀರಿನಲ್ಲಿ ತುಕ್ಕಿನ ಕಂದು ಬಣ್ಣ, ಅದರೊಳಗೆ ಧೂಳು. ನಿಮ್ಮ ಲಾರಿಯ ಅಡ್ಡಪಟ್ಟಿ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಎದುರಿನ ವಾಹನದ ಡೆಂಟ್ ಕೂಡ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿರಬೇಕು. ಮೊಣಕಾಲೆತ್ತರದಲ್ಲಿ ತಗುಲಿದ್ದರೂ ಕಾರಿನ ಮೇಲ್ಛಾವಣಿಯ ತಗ್ಗನ್ನೂ ನಿಮ್ಮ ಲೆಕ್ಕಕ್ಕೆ ಹಾಕುತ್ತಿದ್ದರೆ ಜಗಳಕ್ಕೆ ನಿಲ್ಲಬೇಡಿ, ಫೋಟೊ ತೆಗೆದುಕೊಳ್ಳಿ. ಹಳೆಯ ಡೆಂಟ್‌ಗಳಿಗೆ ಹೊಸ ಮಾಲೀಕರನ್ನು ಹುಡುಕುವವರು ಎಲ್ಲ ಊರಿನಲ್ಲೂ ಇದ್ದಾರೆ.

ಎದುರಿನವರ ಹೆಸರು, ಮೊಬೈಲ್ ಸಂಖ್ಯೆ, ವಾಹನ ಸಂಖ್ಯೆ, ವಿಮಾ ಕಂಪನಿಯ ಹೆಸರು ಬರೆದುಕೊಳ್ಳಿ. ನೋಡಿದ ಒಬ್ಬಿಬ್ಬರ ಸಂಖ್ಯೆಯನ್ನೂ ಕೇಳಿ. ಎದುರಿನ ಅಂಗಡಿಯ ಸಿಸಿ ಕ್ಯಾಮೆರಾ ಕಂಡರೆ ಮುನೀಮರಿಗೆ ಹೇಳಿಬಿಡಿ, 'ಕಾಕಾ, ಇವತ್ತಿನ ಈ ಹೊತ್ತಿನದ್ದು ಅಳಿಸಿಹೋಗದಂತೆ ನೋಡಿಕೊಳ್ಳಿ' ಎಂದು. ಕ್ಯಾಮೆರಾದಲ್ಲಿ ಹಳೆಯದರ ಮೇಲೆ ಹೊಸದು ದಾಖಲಾಗುತ್ತ ಹೋಗುತ್ತದೆ, ತಡಮಾಡಿದರೆ ಸಿಗುವುದಿಲ್ಲ.

ಇದಾದ ಮೇಲೆ ದಾರಿ ಬಿಟ್ಟುಕೊಡಿ. ಸಿಕ್ಕಿಕೊಂಡಿದ್ದರೆ ಕ್ಲೀನರ್ ಪಕ್ಕದಲ್ಲಿ ನಿಂತು ನೋಡುತ್ತಿರಲಿ, ಅಂಗುಲ ಅಂಗುಲವಾಗಿ ಬಿಡಿಸಿ.

ಬಾಯಿಂದ ಏನು ಬರಬೇಕು

'ಬೇಸರ ಮಾಡಿಕೊಳ್ಳಬೇಡಿ ಅಣ್ಣಾ, ನಿಮಗೆ ಏನೂ ಆಗಿಲ್ಲ ತಾನೇ?' ಎನ್ನುವುದಕ್ಕೆ ಯಾವ ಅಡ್ಡಿಯೂ ಇಲ್ಲ. ನಮ್ಮ ಭಾಗದಲ್ಲಿ ಆ ಒಂದು ಮಾತು ಅರ್ಧ ಜಗಳ ತಣಿಸುತ್ತದೆ. ಅದು ಬಿಟ್ಟು 'ಪೂರ್ತಿ ಖರ್ಚು ನಾನು ಕೊಡುತ್ತೇನೆ', 'ನಮ್ಮ ಸೇಠರ ವಿಮೆಯಿಂದ ಕೊಡಿಸುತ್ತೇನೆ' ಎನ್ನಬೇಡಿ. ಇದು ಜಿಪುಣತನದ ಮಾತಲ್ಲ. ಮೋಟಾರು ವಿಮಾ ಪಾಲಿಸಿಯ ಷರತ್ತುಗಳಲ್ಲೇ ಇದೆ: ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ವಿಮೆ ಮಾಡಿಸಿದವರಾಗಲಿ ಅವರ ಪರವಾಗಿ ಬೇರೆಯವರಾಗಲಿ ತಪ್ಪು ಒಪ್ಪಿಕೊಳ್ಳುವುದು, ಹಣದ ಭರವಸೆ ಕೊಡುವುದು, ಹಣ ಪಾವತಿಸುವುದು ಕೂಡದು. ನೀವು ದಾಕ್ಷಿಣ್ಯಕ್ಕೆ ಆಡಿದ ಮಾತೇ ನಾಳೆ ಪರಿಹಾರ ತಡೆಯಲು ನೆಪವಾಗಬಹುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. 'ಮಾಲೀಕರಿಗೆ ಫೋನ್ ಮಾಡುತ್ತೇನೆ, ಅವರು ಬಂದ ಮೇಲೆ ಕುಳಿತು ಮಾತನಾಡೋಣ' ಎಂದರೆ ಸಾಕು.

ಮೂಲ ಲೈಸೆನ್ಸ್, ಆರ್‌ಸಿ ಯಾರ ಕೈಗೂ ಕೊಡಬೇಡಿ. 'ಹಣ ತಂದುಕೊಟ್ಟು ಒಯ್ಯಿ' ಎಂದು ಕಾಗದ ಒತ್ತೆ ಇಟ್ಟುಕೊಳ್ಳುವ ಹಕ್ಕು ಖಾಸಗಿ ವ್ಯಕ್ತಿಗಳಿಗಿಲ್ಲ. ಡಿಜಿಲಾಕರ್‌ನಲ್ಲಿರುವ ಪ್ರತಿ ತೋರಿಸಿ, ಬೇಕಾದರೆ ಫೋಟೊ ತೆಗೆದುಕೊಳ್ಳಲಿ. ಪೊಲೀಸರು ವಶಕ್ಕೆ ಪಡೆದರೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ.

ಜನ ಸೇರಿ ಕೈ ಮಾಡುವ ಹಂತಕ್ಕೆ ಬಂದರೆ ಅಲ್ಲಿ ನಿಂತು ಪೆಟ್ಟು ತಿನ್ನಬೇಕೆಂದು ಕಾನೂನು ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಂ ಜನರ ಆಕ್ರೋಶದ ಸಂದರ್ಭವನ್ನು ಹೆಸರಿಸಿಯೇ ವಿನಾಯಿತಿ ಕೊಟ್ಟಿದೆ. ಆದರೆ ಅಲ್ಲಿಂದ ಹೊರಟವರು ಸೀದಾ ಠಾಣೆಗೆ ಹೋಗಬೇಕು, ದಾರಿಯಲ್ಲೇ 112ಕ್ಕೆ ಹೇಳಬೇಕು. ಢಾಬಾಕ್ಕೆ ಹೋಗಿ ಕುಳಿತರೆ ಅದು ಪರಾರಿ. ಗಾಬರಿ ಇಳಿಯಲೆಂದು ಒಂದು ಗುಟುಕು ಹಾಕಿದರಂತೂ ಕುಡಿದದ್ದು ಗುದ್ದುವ ಮೊದಲೋ ಆಮೇಲೋ ಎಂದು ನೀವು ಯಾರಿಗೂ ಸಾಬೀತು ಮಾಡಲಾರಿರಿ.

ಮಾಲೀಕರಿಗೆ ಸುದ್ದಿ ನಿಮ್ಮಿಂದಲೇ ಹೋಗಲಿ

ಗಂಜ್‌ನಲ್ಲಿ ಸುದ್ದಿಗೆ ಲಾರಿಗಿಂತ ವೇಗ. ನೀವು ಹೇಳದಿದ್ದರೆ ಹತ್ತು ನಿಮಿಷದಲ್ಲಿ ಬೇರೆ ಯಾರೋ ಕಡ್ಡಿಯನ್ನು ಗುಡ್ಡ ಮಾಡಿ ಹೇಳುತ್ತಾರೆ. ಫೋನ್ ಮಾಡಿದಾಗ ಕಥೆ ಬೇಡ, ವಿವರ ಸಾಕು: 'ಸಾಹುಕಾರರೇ, ಗಂಜ್‌ನಲ್ಲಿ ಹಿಂದಕ್ಕೆ ತೆಗೆಯುವಾಗ ನಿಂತ ಆಟೊಗೆ ತಗುಲಿದೆ. ಯಾರಿಗೂ ಗಾಯವಿಲ್ಲ. ಆಟೊದ ಗಾಜು ಒಡೆದಿದೆ, ನಮ್ಮದು ಎಡಗಡೆ ಟೇಲ್ ಲೈಟ್. ಫೋಟೊ ಕಳಿಸಿದ್ದೇನೆ. ಹಣದ ಮಾತು ಆಡಿಲ್ಲ.' ಬೈಯುತ್ತಾರೆ. ಬೈಯಿಸಿಕೊಳ್ಳಿ. ಕ್ಲೀನರ್ ಸರಿಯಾಗಿ ಹೇಳಲಿಲ್ಲ ಎಂದು ಮಾತ್ರ ದೂರಬೇಡಿ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ಸ್ಟೀರಿಂಗ್ ಹಿಡಿದವರದ್ದೇ ಹೊಣೆ ಎಂಬುದು ಅವರಿಗೂ ಗೊತ್ತು.

ರಾಜಿಯೋ, ವಿಮೆಯೋ? ಒಂದನ್ನು ಆರಿಸಿ

ಎರಡು ದೋಣಿಯಲ್ಲಿ ಕಾಲಿಡುವ ಹಾಗಿಲ್ಲ. ಅಲ್ಲೇ ಹಣ ಕೊಟ್ಟು ರಾಜಿಯಾದರೆ ಆ ಹಣವನ್ನು ವಿಮಾ ಕಂಪನಿಯಿಂದ ವಾಪಸ್ ಪಡೆಯುವ ಆಸೆ ಬಿಡಬೇಕು. ವಿಮೆಯಿಂದ ಕೊಡಿಸಬೇಕೆಂದರೆ ಜೇಬಿಗೆ ಕೈ ಹಾಕಬಾರದು. ಈ ತೀರ್ಮಾನ ಮಾಲೀಕರದ್ದು, ಚಾಲಕರದ್ದಲ್ಲ.

ಗಾಜು, ದೀಪ, ಬೈಕಿನ ಹ್ಯಾಂಡಲ್‌ನಂಥ ಹಾನಿಗೆ ರಾಜಿಯೇ ಲೇಸು ಎಂಬುದು ನನ್ನ ಅಭಿಪ್ರಾಯ. ಠಾಣೆ, ಸರ್ವೇಯರ್ (ವಿಮೆಗಾಗಿ ಹಾನಿ ಅಂದಾಜು ಮಾಡುವವರು), ನ್ಯಾಯಮಂಡಳಿ ಎಂದು ಓಡಾಡುವ ದಿನಗಳ ಬಾಡಿಗೆಯೇ ಅದಕ್ಕಿಂತ ಹೆಚ್ಚಾಗುತ್ತದೆ. ಮೊತ್ತವನ್ನು ಬಾಯಿಲೆಕ್ಕದಲ್ಲಿ ಒಪ್ಪಬೇಡಿ. ಹತ್ತಿರದ ಗ್ಯಾರೇಜಿನಿಂದ ಅಂದಾಜು ಬರೆಸಿ. ಹಣ ಯುಪಿಐ ಮೂಲಕವೇ ಹೋಗಲಿ, ದಾಖಲೆ ಉಳಿಯುತ್ತದೆ. ಬಾಡಿಗೆ ಆಟೊ ಆಗಿದ್ದರೆ ಓಡಿಸುವವರ ಸಹಿ ಸಾಲದು, ಮಾಲೀಕರ ಸಹಿ ಬೇಕು. ಇಲ್ಲದಿದ್ದರೆ ಮರುದಿನ ಅವರು ಬೇರೆಯಾಗಿ ಬರುತ್ತಾರೆ. ಕಾಗದದಲ್ಲಿ ಇಷ್ಟಿರಲಿ:

'ದಿನಾಂಕ ____, ಸಮಯ ____, ಸ್ಥಳ ____. ಲಾರಿ ಸಂಖ್ಯೆ ____ ಹಿಂದಕ್ಕೆ ಬರುವಾಗ ನನ್ನ ವಾಹನ ಸಂಖ್ಯೆ ____ ಕ್ಕೆ ತಗುಲಿ ____ ಹಾನಿಯಾಗಿದೆ. ಯಾರಿಗೂ ಗಾಯವಾಗಿಲ್ಲ. ರಿಪೇರಿಗಾಗಿ ರೂ. ____ ಪಡೆದಿದ್ದೇನೆ. ಈ ಹಾನಿಯ ಬಗ್ಗೆ ಇನ್ನು ನನ್ನ ಯಾವುದೇ ಬೇಡಿಕೆ ಇಲ್ಲ.'

ಕೆಳಗೆ ಇಬ್ಬರ ಸಹಿ, ಒಬ್ಬ ಸಾಕ್ಷಿಯ ಸಹಿ, ಮೊಬೈಲ್ ಸಂಖ್ಯೆ. ಸಹಿ ಮಾಡುವವರಿಗೆ ಕನ್ನಡ ಓದಲು ಬಾರದಿದ್ದರೆ ಉರ್ದುವಿನಲ್ಲೋ ಮರಾಠಿಯಲ್ಲೋ ಓದಿ ಹೇಳಿಸಿ, ಹಾಗೆ ಹೇಳಿದವರನ್ನೇ ಸಾಕ್ಷಿ ಮಾಡಿ.

ಕಾಂಪೌಂಡ್ ಗೋಡೆ, ಅಂಗಡಿಯ ಶಟರ್, ಹೊಸ ಕಾರು, ವಿದ್ಯುತ್ ಕಂಬ ಇವೆಲ್ಲ ವಿಮೆಯ ದಾರಿ. ಸರ್ಕಾರಿ ಆಸ್ತಿಗೆ ರಾಜಿ ಮಾಡಿಕೊಳ್ಳಲು ಯಾರಿಗೂ ಅಧಿಕಾರವಿಲ್ಲ. ಬೇರೆಯವರ ಆಸ್ತಿಗೆ ಹಾನಿಯಾದಾಗ, ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ತಿಳಿಸಬೇಕೆಂದು ಅದೇ 134ನೇ ಕಲಂ ಹೇಳುತ್ತದೆ. ವಿಮಾ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಬೇಕು: ಪಾಲಿಸಿ ಸಂಖ್ಯೆ ಮತ್ತು ಅವಧಿ, ಘಟನೆಯ ದಿನ, ಸಮಯ, ಸ್ಥಳ, ಗಾಯಾಳುಗಳಿದ್ದರೆ ಅವರ ವಿವರ, ಚಾಲಕರ ಹೆಸರು ಮತ್ತು ಲೈಸೆನ್ಸ್ ವಿವರ. ಠಾಣೆಯಲ್ಲಿ ಬಾಯಿಮಾತಿಗೆ ಬಿಡಬೇಡಿ, ಅರ್ಜಿ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಎಪಿಎಂಸಿ ಆವರಣದೊಳಗೆ ಆದದ್ದು, ರಸ್ತೆಯಲ್ಲಲ್ಲ ಎಂದು ಸುಮ್ಮನಿರಬೇಡಿ. ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗವೂ ಈ ಕಾಯ್ದೆಯ ಲೆಕ್ಕದಲ್ಲಿ ಸಾರ್ವಜನಿಕ ಸ್ಥಳವೇ.

ಪಾಲಿಸಿಯಲ್ಲಿ ನೋಡಬೇಕಾದ ಮೂರು ಸಾಲು

ಹೊಸ ಚಾಲಕರು ಪಾಲಿಸಿ ಓದುವುದಿಲ್ಲ, ಹಳಬರೂ ಓದುವುದಿಲ್ಲ. ಆದರೂ ಗಾಡಿಯಲ್ಲಿರುವ ಪ್ರತಿಯನ್ನು ಒಮ್ಮೆ ತೆರೆದು ಮೂರು ಕಡೆ ಕಣ್ಣು ಹಾಯಿಸಿ.

ಮೂರನೆಯವರ ಆಸ್ತಿ ಹಾನಿಯ ಮಿತಿ. ಸರಕು ವಾಹನಗಳಿಗೆ ಸಾಮಾನ್ಯವಾಗಿ ಏಳೂವರೆ ಲಕ್ಷ ರೂಪಾಯಿ ಇರುತ್ತದೆ. ಕಂತು ಸ್ವಲ್ಪ ಕಡಿಮೆಯಾಗಲೆಂದು ಅದನ್ನು ಆರು ಸಾವಿರಕ್ಕೆ ಇಳಿಸಿಕೊಂಡ ಪಾಲಿಸಿಗಳೂ ಉಂಟು. ಆರು ಸಾವಿರದಲ್ಲಿ ಇವತ್ತು ಕಾರಿನ ಬಂಪರ್ ಕೂಡ ಮುಗಿಯುವುದಿಲ್ಲ. ಈ ರಕ್ಷಣೆ ಬೇರೆಯವರ ಆಸ್ತಿಗೆ ಮಾತ್ರ ಎಂಬುದನ್ನೂ ನೆನಪಿಡಿ. ಸೇಠರದ್ದೇ ಗೋದಾಮಿನ ಗೋಡೆಗೋ ಅವರದ್ದೇ ಇನ್ನೊಂದು ಲಾರಿಗೋ ಗುದ್ದಿದರೆ ಅವರು ತಮಗೆ ತಾವೇ ಮೂರನೆಯವರಾಗುವುದಿಲ್ಲ.

ಐಎಂಟಿ 23 ಎಂಬ ಹೆಚ್ಚುವರಿ ರಕ್ಷಣೆಯ ನಮೂದು. ಇದಿಲ್ಲದಿದ್ದರೆ ಸರಕು ವಾಹನದ ದೀಪ, ಟೈರು, ಮಡ್‌ಗಾರ್ಡ್, ಬಂಪರ್, ಪಕ್ಕದ ಭಾಗಗಳು, ಬಣ್ಣ ಇವುಗಳಿಗಷ್ಟೇ ಆದ ಹಾನಿಗೆ ಸ್ವಂತ ಹಾನಿಯ ಪರಿಹಾರ ಸಿಗುವುದಿಲ್ಲ. ರಿವರ್ಸ್‌ನಲ್ಲಿ ಒಡೆಯುವುದು ಸಾಮಾನ್ಯವಾಗಿ ಇವೇ ಆದ್ದರಿಂದ ನಿಮ್ಮ ಟೇಲ್ ಲೈಟಿಗೆ ಕ್ಲೇಮ್ ಹಾಕಲು ಹೊರಡುವ ಮುನ್ನ ಇದನ್ನು ನೋಡಿ. ಸಿಗುವಂತಿದ್ದರೂ ಕಡ್ಡಾಯ ಕಡಿತ (ನಾವೇ ಭರಿಸಬೇಕಾದ ಪಾಲು), ಜೊತೆಗೆ ಮುಂದಿನ ವರ್ಷ ಕೈತಪ್ಪುವ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದವರಿಗೆ ಸಿಗುವ ರಿಯಾಯಿತಿ) ಎರಡನ್ನೂ ಕಳೆದು ನೋಡಿದರೆ ಉಳಿಯುವುದು ಅಷ್ಟಕ್ಕಷ್ಟೇ. ಕ್ಲೇಮ್ ಹಾಕುವುದೇ ಆದರೆ ಸರ್ವೇಯರ್ ಬಂದು ನೋಡುವ ತನಕ ರಿಪೇರಿ ಮಾಡಿಸಬೇಡಿ.

ಇನ್ನೊಂದು, ಪಾಲಿಸಿಯ ಚಾಲಕರ ಷರತ್ತು. ಗಾಡಿಯ ವರ್ಗಕ್ಕೆ ತಕ್ಕ ಲೈಸೆನ್ಸ್ ಇರಬೇಕು. ಒಟ್ಟು ತೂಕ 7,500 ಕೆ.ಜಿ. ಮೀರದ ಸರಕು ವಾಹನವನ್ನು ಲಘು ವಾಹನದ ಲೈಸೆನ್ಸ್‌ನಲ್ಲೇ ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಹೇಳಿದೆ. ಅದಕ್ಕಿಂತ ದೊಡ್ಡ ಲಾರಿಗೆ ಆ ಮಾತು ಅನ್ವಯಿಸುವುದಿಲ್ಲ.

ಮತ್ತೆ ಹೊರಡುವ ಮುನ್ನ

ಇಂಜಿನ್ ಶುರು ಮಾಡಿ ಗಾಳಿಯ ಒತ್ತಡ ತುಂಬಲು ಬಿಡಿ, ನಂತರ ಬಂದ್ ಮಾಡಿ ಹಿಂಬದಿಯಲ್ಲಿ ಕಿವಿಗೊಟ್ಟು ಕೇಳಿ. 'ಸುಸ್ಸ್' ಎಂಬ ಸದ್ದಿದ್ದರೆ ಬ್ರೇಕಿನ ಗಾಳಿ ಪೈಪಿಗೆ ಪೆಟ್ಟಾಗಿದೆ, ಮೆಕ್ಯಾನಿಕ್ ಬರುವವರೆಗೆ ಹೊರಡುವಂತಿಲ್ಲ. ಟೇಲ್ ಲೈಟ್, ಬ್ರೇಕ್ ಲೈಟ್, ನಂಬರ್ ಪ್ಲೇಟ್, ಸ್ಟೆಪ್ನಿಯ ಬೋಲ್ಟ್, ಹಿಂಬಾಗಿಲ ಚಿಲಕ ನೋಡಿ. ತಾಡಪತ್ರಿಯ ಹಗ್ಗ ಸಡಿಲವಾಗಿದ್ದರೆ ಚೀಲಗಳು ಜರುಗಿವೆ ಎಂದರ್ಥ, ಮತ್ತೆ ಬಿಗಿಯಿರಿ. ಹುಮನಾಬಾದ್ ಕಡೆಗೆ ರಾತ್ರಿ ಹೊರಡುವ ಲಾರಿಗೆ ಹಿಂದಿನ ದೀಪ ಇಲ್ಲದಿದ್ದರೆ ಸಣ್ಣ ಪೆಟ್ಟನ್ನು ದೊಡ್ಡದು ಹಿಂಬಾಲಿಸುತ್ತದೆ.

ಅಂದೇ ಉಳಿದ ಲೋಡು ಇಳಿಸಲು ಮತ್ತೆ ಹಿಂದಕ್ಕೆ ತೆಗೆಯಬೇಕಾಗಬಹುದು, ಕೈ ಇನ್ನೂ ನಡುಗುತ್ತಿರಬಹುದು. ಆದಷ್ಟು ಗೇಟು ನಿಮ್ಮ ಬಲಕ್ಕೆ ಬರುವಂತೆ ಗಾಡಿ ನಿಲ್ಲಿಸಿಕೊಳ್ಳಿ. ಬಲಗಡೆ ಕುಳಿತವರಿಗೆ ಹಿಂಬದಿಯ ಬಲ ಮೂಲೆ ಕಾಣುತ್ತದೆ, ಎಡ ಮೂಲೆ ಕನ್ನಡಿಯಲ್ಲೂ ಪೂರ್ತಿ ಸಿಗುವುದಿಲ್ಲ. ಮೊದಲು ಇಳಿದು ನಡೆದು ನೋಡಿ. ಕ್ಲೀನರ್ ಬಲಗನ್ನಡಿಯಲ್ಲಿ ಕಾಣುವ ಜಾಗದಲ್ಲೇ ನಿಲ್ಲಬೇಕು. ಅವನು ಕನ್ನಡಿಯಿಂದ ಮರೆಯಾದರೆ 'ಬರಲಿ, ಬರಲಿ' ಎಂಬ ಕೂಗು ಕೇಳುತ್ತಿದ್ದರೂ ನಿಲ್ಲಿಸಿ. ಆ ಗದ್ದಲದಲ್ಲಿ ಕೂಗುತ್ತಿರುವವನು ಪಕ್ಕದ ಲಾರಿಯ ಕ್ಲೀನರ್ ಕೂಡ ಆಗಿರಬಹುದು. ಲಾರಿಯ ಬಾಡಿಯ ಮೇಲೆ ಜೋರಾಗಿ ಒಂದು ಬಡಿತ ಎಂದರೆ ನಿಲ್ಲಿಸು ಎಂದು ಮೊದಲೇ ಮಾತಾಡಿಕೊಳ್ಳಿ.

ಠಾಣೆಯಲ್ಲಿ ಹೊತ್ತು ಹೋದರೆ ಇ-ವೇ ಬಿಲ್, ಅಂದರೆ ಸರಕು ಸಾಗಣೆಯ ಜಿಎಸ್‌ಟಿ ಪರವಾನಗಿ ಚೀಟಿ, ಮರೆಯಬೇಡಿ. ಸಾಮಾನ್ಯ ಸರಕಿಗೆ ಅದು 200 ಕಿಲೋಮೀಟರ್‌ಗೆ ಒಂದು ದಿನದ ಲೆಕ್ಕ. ಅವಧಿ ಮುಗಿಯುವ ಮುಂಚಿನ ಅಥವಾ ನಂತರದ ಎಂಟು ಗಂಟೆಯೊಳಗೆ ವಿಸ್ತರಿಸಬಹುದು. ಬಿಲ್ಟಿ (ಸರಕಿನ ರಸೀದಿ) ಬರೆದ ಟ್ರಾನ್ಸ್‌ಪೋರ್ಟ್ ಕಚೇರಿಗೆ ಬೇಗ ಹೇಳಿದರೆ ಅವರು ಮಾಡುತ್ತಾರೆ. ಸರಕನ್ನು ಬೇರೆ ಲಾರಿಗೆ ಹಾಕಿದರೆ ಹೊಸ ವಾಹನ ಸಂಖ್ಯೆಯನ್ನೂ ಸೇರಿಸಬೇಕು.

ತಿಂಗಳ ಕೊನೆಗೆ ಪಗಾರದಲ್ಲಿ ಕಡಿತವಾದರೆ ಎಷ್ಟು, ಯಾವುದಕ್ಕೆ, ಎಷ್ಟು ಕಂತಿನಲ್ಲಿ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ರಾಜಿ ಪತ್ರ, ಯುಪಿಐ ರಸೀದಿ, ಠಾಣೆಯ ಸ್ವೀಕೃತಿ, ಗ್ಯಾರೇಜಿನ ಅಂದಾಜು ಇವುಗಳ ಫೋಟೊಗಳನ್ನು ಮಾಲೀಕರ ಮೊಬೈಲಿನಲ್ಲಷ್ಟೇ ಬಿಡದೆ ನಿಮ್ಮದರಲ್ಲೂ ಇಟ್ಟುಕೊಳ್ಳಿ. ಕೆಲಸ ಬಿಟ್ಟು ಬೇರೆ ಟ್ರಾನ್ಸ್‌ಪೋರ್ಟ್‌ಗೆ ಹೋದ ಮೇಲೂ ನೋಟಿಸು ಬರುವುದು ಅಂದು ಓಡಿಸಿದವರ ಹೆಸರಿಗೇ.